ನಿಲ್ಲದ ಸರಕು, ಕಾಯುವ ಚಾಲಕ: ಒಂದು ಪ್ರಬಂಧದ ವಿಮರ್ಶೆ

ಚಿಲ್ಲರೆ ವ್ಯಾಪಾರದಲ್ಲಿ ಸಾಗಣೆಯ ಸ್ಥಾನವನ್ನು ಕುರಿತು ವಿಚಾರಿಸುವವರು ಓದಲೇಬೇಕಾದ ಬರಹಗಳಲ್ಲಿ ‘ಕಾಂಪೀಟಿಂಗ್ ಆನ್ ಕೇಪಬಿಲಿಟೀಸ್’ ಎಂಬ ಪ್ರಬಂಧವೂ ಒಂದು. ಜಾರ್ಜ್ ಸ್ಟಾಕ್, ಫಿಲಿಪ್ ಎವನ್ಸ್, ಲಾರೆನ್ಸ್ ಶುಲ್ಮನ್ ಎಂಬ ಮೂವರು ಬರೆದ ಇದು 1992ರಲ್ಲಿ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ದಲ್ಲಿ ಪ್ರಕಟವಾಯಿತು. 1979ರಲ್ಲಿ 1,891 ಮಳಿಗೆಗಳಿದ್ದ ಕೆಮಾರ್ಟನ್ನು, ಆಗ ಕೇವಲ 229 ಮಳಿಗೆಗಳಿದ್ದ ವಾಲ್‌ಮಾರ್ಟ್ ಹಿಂದೆ ಹಾಕಿದ್ದು ಹೇಗೆಂಬುದೇ ಅದರ ಮುಖ್ಯ ನಿದರ್ಶನ. ಈ ಬರಹದ ಗುಣವನ್ನೂ ಕೊರತೆಯನ್ನೂ ತೂಗಿ ನೋಡುವುದು ನಮ್ಮ ಉದ್ದೇಶ.

ಲೇಖಕರು ಕೊಡುವ ಉತ್ತರ ‘ಕ್ರಾಸ್-ಡಾಕಿಂಗ್’ ಎಂಬ ಪದ್ಧತಿ. ತಯಾರಕರಿಂದ ಬಂದ ಸರಕನ್ನು ಉಗ್ರಾಣದಲ್ಲಿ ಪೇರಿಸಿಡದೆ, ಅಲ್ಲಿಯೇ ವಿಂಗಡಿಸಿ, 48 ಗಂಟೆಗಳೊಳಗೆ ಮಳಿಗೆಗೆ ಹೊರಡುವ ಲಾರಿಗೆ ಏರಿಸುವುದು ಇದರ ಕ್ರಮ. ವಾಲ್‌ಮಾರ್ಟ್ ತನ್ನ ಸರಕಿನ ಶೇಕಡ 85ರಷ್ಟನ್ನು ಸ್ವಂತ ಉಗ್ರಾಣಗಳ ಮೂಲಕ ಸಾಗಿಸುತ್ತಿತ್ತು. ಕೆಮಾರ್ಟ್ ಹಾಗೆ ಸಾಗಿಸುತ್ತಿದ್ದುದು ಶೇಕಡ 50ರಷ್ಟು ಮಾತ್ರ. ಇದರಿಂದ ಮಾರಾಟದ ವೆಚ್ಚದಲ್ಲಿ ಶೇಕಡ 2ರಿಂದ 3ರಷ್ಟು ಉಳಿತಾಯವಾಯಿತೆಂದು ಲೇಖಕರ ಲೆಕ್ಕ. ಅಂಕೆ ಸಣ್ಣದೆನಿಸಬಹುದು, ಆದರೆ ಲಾಭದ ಅಂಚು ತೆಳುವಾಗಿರುವ ಈ ವ್ಯಾಪಾರದಲ್ಲಿ ಅಷ್ಟೇ ಸೋಲುಗೆಲುವನ್ನು ನಿರ್ಣಯಿಸಬಲ್ಲುದು.

ಪ್ರಬಂಧದ ನಿಜವಾದ ಕೊಡುಗೆ ಈ ಅಂಕೆಗಳಲ್ಲಿಲ್ಲ. ಲಾರಿಗಳು, ವಿತರಣಾ ಕೇಂದ್ರಗಳು, ಉಪಗ್ರಹ ಸಂಪರ್ಕ ಇವುಗಳನ್ನು ಒಂದೊಂದಾಗಿ ಬಂಡವಾಳದ ಪ್ರತಿಫಲದ ಅಳತೆಗೋಲಿನಿಂದ ಅಳೆದರೆ ಯಾವುದೂ ಸಮರ್ಥನೀಯವಾಗಿ ತೋರದೆ ಹೋಗಬಹುದು. ಒಂದಕ್ಕೊಂದು ಹೆಣೆದುಕೊಂಡಾಗಲೇ ಅವುಗಳ ಬೆಲೆ ತಿಳಿಯುವುದು. ಸಾಗಣೆಯನ್ನು ಬರಿಯ ಖರ್ಚಿನ ಬಾಬತ್ತೆಂದು ಕಾಣುವ ರೂಢಿಗೆ ಇದು ಒಳ್ಳೆಯ ಉತ್ತರವೆಂದು ನಾವು ಒಪ್ಪುತ್ತೇವೆ.

ಆದರೆ ಈ ಸಾಮರ್ಥ್ಯವೆಲ್ಲ ಸಂಸ್ಥೆಯ ಸಂಕಲ್ಪದಿಂದಲೇ ಹುಟ್ಟಿತೆಂಬಂತೆ ಬರೆದಿರುವುದು ಸರಿಯಲ್ಲ. 1956ರ ಕಾಯಿದೆಯಂತೆ ಸಾರ್ವಜನಿಕ ಹಣದಿಂದ ಅಂತರರಾಜ್ಯ ಹೆದ್ದಾರಿಗಳು ನಿರ್ಮಾಣವಾದವು. 1974ರಿಂದ ಅಂಗಡಿಗಳಲ್ಲಿ ಬಾರ್‌ಕೋಡ್ ಬಳಕೆಗೆ ಬಂದಿತು. 1980ರ ಮೋಟಾರು ಸಾಗಣೆ ಕಾಯಿದೆಯು ಲಾರಿ ಸಾಗಣೆಯ ಮೇಲಿನ ಸರ್ಕಾರದ ಹತೋಟಿಯನ್ನು ಸಡಿಲಿಸಿತು. ಇವೆಲ್ಲ ಕೆಮಾರ್ಟಿಗೂ ದೊರೆತಿದ್ದುವಲ್ಲವೆ ಎಂದು ಕೇಳಬಹುದು. ನಿಜ, ಇಬ್ಬರಲ್ಲಿ ಒಬ್ಬರೇ ಏಕೆ ಗೆದ್ದರೆಂಬುದನ್ನು ಅವು ವಿವರಿಸಲಾರವು. ಆದರೆ ಅಂತಹ ಗೆಲುವು ಸಾಧ್ಯವಾದುದೇ ಹೇಗೆಂಬುದಕ್ಕೆ ಅವನ್ನು ಬಿಟ್ಟು ಉತ್ತರವಿಲ್ಲ. ಈ ಪದ್ಧತಿಯನ್ನು ಬೇರೆ ದೇಶದಲ್ಲಿ ಅನುಸರಿಸಬೇಕೆನ್ನುವವರಿಗೆ ಬೇಕಾದುದು ಈ ಎರಡನೆಯ ಉತ್ತರವೇ.

ಇನ್ನೊಂದು ಕೊರತೆ ಇದಕ್ಕಿಂತ ಗಹನವಾದುದು. ಪ್ರಬಂಧದ ಮುಖ್ಯ ಅಳತೆ ಕಾಲ. ಆದರೆ ಅದು ಸರಕಿನ ಕಾಲವೇ ಹೊರತು ಮನುಷ್ಯನ ಕಾಲವಲ್ಲ. ಕ್ಯಾಲಿಫೋರ್ನಿಯದ ವಾಲ್‌ಮಾರ್ಟ್ ಲಾರಿ ಚಾಲಕರು ಹೂಡಿದ ದಾವೆಯಲ್ಲಿ, 2016ರಲ್ಲಿ ಜ್ಯೂರಿಯು ಅವರಿಗೆ 5 ಕೋಟಿ 40 ಲಕ್ಷ ಡಾಲರಿಗೂ ಮಿಗಿಲಾದ ಪರಿಹಾರವನ್ನು ವಿಧಿಸಿತು. 2020ರಲ್ಲಿ ಮೇಲ್ಮನವಿ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಹೊರಡುವ ಮುನ್ನ ವಾಹನವನ್ನು ಪರೀಕ್ಷಿಸಿದ ಕಾಲ, ಎರಡು ಪಾಳಿಗಳ ನಡುವೆ 10 ಗಂಟೆ ತಂಗಿದ ಕಾಲ ಇವು ವಿವಾದದ ವಿಷಯಗಳಲ್ಲಿ ಸೇರಿದ್ದುವು. ಪರಿಹಾರದ ಬಹುಪಾಲು ಈ ತಂಗುವಿಕೆಗೇ ಸಂದಿತು. ಯಜಮಾನನ ಹತೋಟಿಯಲ್ಲಿ ಕಳೆದ ಕಾಲವೂ ದುಡಿಮೆಯ ಕಾಲವೆ ಎಂಬುದೇ ಅಲ್ಲಿನ ಪ್ರಶ್ನೆ. ಅದು ವೇತನದ ಹೆಚ್ಚುಕಡಿಮೆಯ ಮಾತಲ್ಲ, ಯಾರ ಕಾಲ ಲೆಕ್ಕಕ್ಕೆ ಬಂದಿತೆಂಬ ಮಾತು. ಸರಕು ಎಲ್ಲಿಯೂ ನಿಲ್ಲಬಾರದಾದರೆ ಅದಕ್ಕಾಗಿ ಯಾರೋ ಕಾಯಬೇಕಾಗುತ್ತದೆ. ಆ ಕಾಯುವಿಕೆಗೆ ಬೆಲೆ ಕಟ್ಟದ ಉಳಿತಾಯವು ಪೂರ್ಣ ಅರ್ಥದಲ್ಲಿ ಉಳಿತಾಯವಲ್ಲ. ಅದರ ಒಂದು ಭಾಗ ವೆಚ್ಚದ ವರ್ಗಾವಣೆ.

ಬೆಂಗಳೂರಿನ ಫ್ಲಿಪ್‌ಕಾರ್ಟ್‌ನ ಬಹುಪಾಲು ಷೇರುಗಳನ್ನು 2018ರಲ್ಲಿ ವಾಲ್‌ಮಾರ್ಟ್ ಕೊಂಡುಕೊಂಡ ಮೇಲೆ ಈ ಚರ್ಚೆ ನಮಗೆ ದೂರದ್ದಾಗಿ ಉಳಿದಿಲ್ಲ. ಪ್ರಬಂಧವನ್ನು ತರಗತಿಯಲ್ಲಿ ಬೋಧಿಸುವುದು ಉಚಿತವೇ. ಆದರೆ ಹಾಗೆ ಬೋಧಿಸುವ ಅಧ್ಯಾಪಕರು, ಈ ವೇಗಕ್ಕೆ ರಸ್ತೆ ಒದಗಿಸಿದವರು ಯಾರು, ಕಾಲವನ್ನು ತೆತ್ತವರು ಯಾರು ಎಂಬ ಎರಡು ಪ್ರಶ್ನೆಗಳನ್ನು ವಿದ್ಯಾರ್ಥಿಗಳ ಮುಂದಿಡಬೇಕೆಂಬುದು ನಮ್ಮ ಅಭಿಪ್ರಾಯ.