ಉಳಿಸಿದ ಲೋಕವನ್ನು ಮತ್ತೆ ಉಳಿಸುವುದು

ಮಕ್ಕಳ ಅದ್ಭುತರಮ್ಯ ಸಾಹಸಕಥೆಗೆ ಉತ್ತರಭಾಗ ಬರೆಯುವುದು ಮೊದಲ ಪುಸ್ತಕ ಬರೆಯುವುದಕ್ಕಿಂತ ಕಷ್ಟ. ಮೊದಲ ಕಥೆ ಮುಗಿಯುವಾಗ ದುಷ್ಟಶಕ್ತಿ ಸೋತಿರುತ್ತದೆ, ಲೋಕ ಉಳಿದಿರುತ್ತದೆ, ಮಕ್ಕಳು ಮನೆ ಸೇರಿರುತ್ತಾರೆ. ಕಥೆ ಮುಂದುವರಿಯಬೇಕಾದರೆ ಅದೇ ಲೋಕ ಮತ್ತೆ ಆಪತ್ತಿಗೆ ಸಿಲುಕಬೇಕು. ಹಾಗಾದರೆ ಹಿಂದಿನ ಗೆಲುವಿಗೆ ಬೆಲೆಯೇನು? ಎಷ್ಟೋ ಲೇಖಕರು ಇನ್ನೂ ದೊಡ್ಡ ಖಳನನ್ನು, ಇನ್ನೂ ದೊಡ್ಡ ಯುದ್ಧವನ್ನು ತಂದು ಈ ಪ್ರಶ್ನೆಯಿಂದ ನುಣುಚಿಕೊಳ್ಳುತ್ತಾರೆ. ಇಂಗ್ಲಿಷಿನ ಈ ಪರಂಪರೆಯಲ್ಲಿ ಕಾಲದ ಪರೀಕ್ಷೆ ಗೆದ್ದು ನಿಂತ ಉತ್ತರಭಾಗಗಳು ಮಾತ್ರ ಹಿಂದಿನ ಗೆಲುವಿನ ಲೆಕ್ಕ ಕೇಳಿದಂಥವು.

ಸಿ.ಎಸ್. ಲೂಯಿಸ್ ಅವರ ‘ಪ್ರಿನ್ಸ್ ಕ್ಯಾಸ್ಪಿಯನ್’ (1951) ಈ ಲೆಕ್ಕವನ್ನು ಬಹಳ ಚೆನ್ನಾಗಿ ಆರಂಭಿಸುತ್ತದೆ. ಇಂಗ್ಲೆಂಡಿನಲ್ಲಿ ಒಂದೇ ವರ್ಷ ಕಳೆದಿದೆ. ಮಾಯಾಲೋಕ ನಾರ್ನಿಯಾದಲ್ಲಿ ಶತಮಾನಗಳೇ ಉರುಳಿವೆ. ರೈಲು ನಿಲ್ದಾಣದಿಂದ ಸೆಳೆಯಲ್ಪಟ್ಟ, ಮೊದಲ ಕಥೆಯ ನಾಲ್ವರು ಮಕ್ಕಳು ಬಂದಿಳಿಯುವುದು ಕಾಡು ಬೆಳೆದ ಒಂದು ಪಾಳು ಕೋಟೆಯ ಬಳಿ. ಅಲ್ಲಿ ಸೂಸಾನ್‌ಗೆ ಚಿನ್ನದ ಚದುರಂಗದ ಕುದುರೆಯೊಂದು ಸಿಗುತ್ತದೆ. ಅದು ತಾವೇ ರಾಜ ರಾಣಿಯರಾಗಿದ್ದಾಗ ಆಡುತ್ತಿದ್ದ ಕಾಯಿ. ತಮ್ಮ ಅರಮನೆಯ ಅವಶೇಷದ ಮೇಲೆ ತಾವೇ ನಿಂತಿದ್ದೇವೆಂದು ಮಕ್ಕಳಿಗೆ ತಿಳಿಯುವುದು ಆನಂತರ. ಅವರ ಆಳ್ವಿಕೆ ಈಗ ದಾದಿ ಹೇಳುವ ಹಳೆಯ ಕಥೆ. ಸಿಂಹಾಸನ ಕಬಳಿಸಿದ ಮಿರಾಜ್ ಅದನ್ನೂ ಸಹಿಸನು. ಬಾಲಕ ಕ್ಯಾಸ್ಪಿಯನ್‌ಗೆ ಆ ಕಥೆ ಹೇಳಿದ ತಪ್ಪಿಗೆ ದಾದಿಯನ್ನೇ ಹೊರಗಟ್ಟುತ್ತಾನೆ. ಗೆದ್ದ ಲೋಕವೊಂದು ಕೇವಲ ಮರೆವಿನಿಂದಲೂ ಸೋಲಬಹುದು ಎಂಬ ಈ ಹೊಳಹು ಮಕ್ಕಳ ಸಾಹಿತ್ಯಕ್ಕೆ ದೊಡ್ಡ ಕೊಡುಗೆ.

ಆದರೆ ಲೂಯಿಸ್ ಅದನ್ನು ಕೊನೆಯವರೆಗೆ ಒಯ್ಯುವುದಿಲ್ಲ. ಕ್ಯಾಸ್ಪಿಯನ್ ಸ್ವತಃ ನಾರ್ನಿಯಾವನ್ನು ಆಕ್ರಮಿಸಿದವರ ವಂಶದವನು. ಮಾತನಾಡುವ ಪ್ರಾಣಿಗಳನ್ನು ಅಡಗಿ ಬಾಳುವಂತೆ ಮಾಡಿದ್ದು ಅವನ ಹಿರಿಯರೇ. ಅವನ ಆಳ್ವಿಕೆಯನ್ನು ಆ ಪ್ರಾಣಿಗಳು ಒಪ್ಪಲು ಎಷ್ಟು ನೋವು ನುಂಗಬೇಕಾಗುತ್ತದೆ ಎಂಬುದಕ್ಕೆ ಕಥೆಯಲ್ಲಿ ತಕ್ಕ ಜಾಗವಿಲ್ಲ. ಸಿಂಹರೂಪಿ ಅಸ್ಲಾನ್ ಬಂದು ಮರಗಳನ್ನು ಎಬ್ಬಿಸಿದ ಮೇಲೆ ಯುದ್ಧವೂ ಸಲೀಸಾಗಿ ಮುಗಿಯುತ್ತದೆ. ಕೇಳಿದ ಪ್ರಶ್ನೆ ದೊಡ್ಡದು, ಸಿಕ್ಕ ಉತ್ತರ ಅಗ್ಗದ್ದು.

ಟೋಲ್ಕಿನ್ ಹಿಡಿದ ದಾರಿ ಬೇರೆ. ಮಕ್ಕಳಿಗಾಗಿ ಬರೆದ ‘ದಿ ಹಾಬಿಟ್’ (1937) ಯಶಸ್ವಿಯಾದಾಗ ಪ್ರಕಾಶಕರು ಮುಂದಿನ ಕಥೆ ಕೇಳಿದರು. ಹಾಗೆ ಶುರುವಾದದ್ದು ಬೆಳೆದು ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954-55) ಆಯಿತು. ಮೊದಲ ಕಥೆಯಲ್ಲಿ ನಾಯಕ ಬಿಲ್ಬೋ ಕಣ್ಮರೆಯಾಗಲು ಬಳಸಿದ ಉಂಗುರವೇ ಎರಡನೆಯದರಲ್ಲಿ ಲೋಕಕ್ಕೆ ಕಂಟಕ. ಇದಕ್ಕಾಗಿ ಟೋಲ್ಕಿನ್ 1951ರ ಆವೃತ್ತಿಯಲ್ಲಿ ‘ಹಾಬಿಟ್’ನಲ್ಲಿ ಬಿಲ್ಬೋಗೆ ಉಂಗುರ ಸಿಗುವ ಒಗಟಿನ ಅಧ್ಯಾಯವನ್ನೇ ತಿದ್ದಿದರು. ಆಪತ್ತು ಹೊರಗಿನಿಂದ ಬರಲಿಲ್ಲ. ಗೆದ್ದು ತಂದ ವಸ್ತುವಿನಲ್ಲೇ ಅದು ಇತ್ತು. ಆದರೆ ಈ ಆಳಕ್ಕೆ ಇಳಿಯುವಷ್ಟರಲ್ಲಿ ಕೃತಿ ಎಳೆಯರ ಕೈಮೀರಿತ್ತು.

ಎಳೆಯರ ಕೈಬಿಡದೆ ಈ ಲೆಕ್ಕವನ್ನು ಪೂರ್ತಿ ಮಾಡಿದವರು ಅಮೆರಿಕದ ಉರ್ಸುಲಾ ಲೆ ಗ್ವಿನ್. ಅವರ ಅರ್ಥ್‌ಸೀ ಸರಣಿಯ ಮೂರನೆಯ ಪುಸ್ತಕ ‘ದಿ ಫಾರ್ದೆಸ್ಟ್ ಶೋರ್’ನಲ್ಲಿ (1972) ಲೋಕದ ಕೇಡು ಸೈನ್ಯ ಕಟ್ಟಿಕೊಂಡು ಬರುವುದಿಲ್ಲ. ರೇಷ್ಮೆಗೆ ಹೆಸರಾದ ಲಾರ್ಬನರಿ ದ್ವೀಪದಲ್ಲಿ ಬಣ್ಣಗಾರರಿಗೆ ತಮ್ಮ ಕಸುಬು ಕೈಕೊಟ್ಟಿದೆ. ಮಂತ್ರವಾದಿಗಳಿಗೆ ಮಂತ್ರ ನೆನಪಿಲ್ಲ. ಸಾವನ್ನೇ ಗೆಲ್ಲಬೇಕೆಂಬ ಒಬ್ಬನ ದುರಾಸೆ ತೆರೆದ ಬಾಗಿಲಿನಿಂದ ಬದುಕಿನ ಅರ್ಥವೇ ಸೋರಿಹೋಗುತ್ತಿದೆ. ಆ ಬಾಗಿಲನ್ನು ಮುಚ್ಚಲು ಸರಣಿಯ ನಾಯಕ, ಮಹಾಮಾಂತ್ರಿಕ ಗೆಡ್ ತನ್ನ ಶಕ್ತಿಯನ್ನೆಲ್ಲ ಸುರಿಯುತ್ತಾನೆ, ಲೋಕ ಉಳಿಯುತ್ತದೆ.

ಬೇರೆಯವರು ಇಲ್ಲಿಗೆ ಮಂಗಳ ಹಾಡುತ್ತಿದ್ದರು. ಲೆ ಗ್ವಿನ್ 18 ವರ್ಷಗಳ ನಂತರ ‘ತೆಹಾನು’ (1990) ಬರೆದರು. ಅದರಲ್ಲಿ ಗೆಡ್ ಶಕ್ತಿಯಿಲ್ಲದ ಮಧ್ಯವಯಸ್ಕ. ರಾಜದೂತರು ಬಂದರೆ ನಾಚಿ ಅಡಗುತ್ತಾನೆ, ಆಡು ಕಾಯುತ್ತಾನೆ. ಕಥೆಯ ಕಣ್ಣು ಈಗ ವಿಧವೆ ತೆನಾರ್ ಮತ್ತು ಅವಳು ಸಾಕುತ್ತಿರುವ, ಬೆಂಕಿಯಲ್ಲಿ ಬೆಂದ ಹುಡುಗಿಯ ಮೇಲೆ. ಮಹಾಮಾಂತ್ರಿಕರು ಉಳಿಸಿದ ಲೋಕದಲ್ಲೇ ಸ್ವಂತದವರು ಒಂದು ಮಗುವನ್ನು ಬೆಂಕಿಗೆ ನೂಕಿದ್ದಾರೆ. ಸಾಹಸ ಬಯಸಿ ಬಂದ ಹಲವು ಓದುಗರಿಗೆ ಇದು ರುಚಿಸಲಿಲ್ಲ. ಮಕ್ಕಳಿಗೆ ಇಷ್ಟು ಕಠೋರ ಸತ್ಯ ಬೇಕೇ ಎಂಬ ಆಕ್ಷೇಪ ಸಹಜವೇ. ‘ತೆಹಾನು’ವನ್ನು ಹತ್ತು ವರ್ಷದವರಿಗೆ ಕೊಡಬೇಕಿಲ್ಲ, ನಿಜ. ಆದರೆ ಹತ್ತರಲ್ಲಿ ಗೆಡ್‌ನ ಜೊತೆ ದೋಣಿ ಏರಿದವರು ಹದಿನಾರಕ್ಕೆ ಬಂದಾಗ ಅವರಿಗಾಗಿ ಕಾದಿರುವ ಪುಸ್ತಕ ಇದು. ಓದುಗರ ಜೊತೆಗೇ ಬೆಳೆಯುವ ಇಂಥ ಸರಣಿಗಳು ವಿರಳ.

ಹಾಗಾಗಿ ನನ್ನ ತೀರ್ಮಾನ ಇದು: ಉತ್ತರಭಾಗದ ಯೋಗ್ಯತೆಯನ್ನು ಆಪತ್ತಿನ ಗಾತ್ರದಿಂದ ಅಳೆಯಬಾರದು. ಲೋಕ ಉಳಿಸಿದವರು ಏನು ಕಳೆದುಕೊಂಡರು, ಉಳಿದ ಲೋಕ ಯಾರ ಪಾಲಿಗೆ ಉಳಿಯಿತು ಎಂಬುದನ್ನು ಕೇಳುವ ಕಥೆಯೇ ದೊಡ್ಡದು. ಕನ್ನಡದಲ್ಲಿ ಮಕ್ಕಳಿಗೆ ಸಾಹಸಕಥೆಯ ಸರಣಿ ಬರೆಯಹೊರಟವರು ಎರಡನೆಯ ಖಳನನ್ನು ಹುಡುಕುವ ಮೊದಲು ತಮ್ಮ ಮೊದಲ ಕಥೆಯ ಕೊನೆಯ ಪುಟವನ್ನು ಮತ್ತೊಮ್ಮೆ ಓದಲಿ. ಬರೆಯಬೇಕಾದ ಮುಂದಿನ ಕಥೆ ಅಲ್ಲೇ ಇರುತ್ತದೆ.