ವಿಚಿತ್ರವಸ್ತುವೋ ದಾಖಲೆಯೋ? ಶ್ರೀರಂಗಪಟ್ಟಣದ ಕೋವಿಗಳ ಪ್ರದರ್ಶನವನ್ನು ಕುರಿತು

ವಸ್ತುಸಂಗ್ರಹಾಲಯಗಳ ಆಯುಧವಿಭಾಗದಲ್ಲಿ ಹಳೆಯ ಕೋವಿಯೊಂದಕ್ಕೆ ಸ್ಥಾನ ದೊರೆಯಬೇಕಾದರೆ ಸಾಮಾನ್ಯವಾಗಿ ಎರಡು ಅರ್ಹತೆಗಳಲ್ಲಿ ಒಂದಾದರೂ ಅದಕ್ಕಿರಬೇಕು. ಅದು ಪ್ರಸಿದ್ಧ ಪುರುಷನೊಬ್ಬನ ಕೈಯಲ್ಲಿದ್ದುದಾಗಿರಬೇಕು. ಇಲ್ಲವೇ ಅದರ ರೂಪದಲ್ಲಿ ನೋಡುವವರನ್ನು ತಡೆದು ನಿಲ್ಲಿಸುವ ವೈಚಿತ್ರ್ಯವಿರಬೇಕು. ಈ ಎರಡನೆಯ ಅರ್ಹತೆ ಎಷ್ಟು ಪ್ರಬಲವಾದುದೆಂಬುದಕ್ಕೆ ಇಂಗ್ಲೆಂಡಿನ ಜೇಮ್ಸ್ ಪಕಲ್ ಎಂಬಾತನು 1718ರಲ್ಲಿ ಪೇಟೆಂಟು ಪಡೆದ ಕೋವಿಯೇ ನಿದರ್ಶನ. ಮದ್ದುಗುಂಡುಗಳನ್ನು ಮುಂಚೆಯೇ ತುಂಬಿದ ಹಲವು ಕೋಠಿಗಳನ್ನು ಒಂದಾದ ಮೇಲೊಂದರಂತೆ ನಳಿಕೆಯ ಹಿಂದಕ್ಕೆ ತಿರುಗಿಸಿ ಹಾರಿಸುವ ಅದರ ಕ್ರಮವು ಯಂತ್ರವಿದ್ಯೆಯ ಚರಿತ್ರೆಯಲ್ಲಿ ಗಮನಾರ್ಹವಾದುದು. ಆದರೆ ಜನರ ನೆನಪಿನಲ್ಲಿ ಉಳಿದಿರುವುದು ಅದಲ್ಲ. ಕ್ರೈಸ್ತರ ಮೇಲೆ ದುಂಡನೆಯ ಗುಂಡುಗಳನ್ನೂ ತುರ್ಕರ ಮೇಲೆ ಚೌಕನೆಯ ಗುಂಡುಗಳನ್ನೂ ಹಾರಿಸಬೇಕೆಂದು ಅದರ ನಿರ್ಮಾತೃವು ಮಾಡಿದ ವಿಧಿಯೊಂದೇ. ವೈಚಿತ್ರ್ಯವು ಹೀಗೆ ವಸ್ತುವಿನ ನಿಜವಾದ ಮಹತ್ತ್ವವನ್ನು ಮರೆಮಾಡುವುದುಂಟು.

ಇದೇ ದೋಷವು ನಮ್ಮ ನಾಡಿನ ಚರಿತ್ರೆಗೆ ಸೇರಿದ ಆಯುಧಗಳ ವಿಷಯದಲ್ಲಿಯೂ ಸಂಭವಿಸಿದೆಯೆಂಬುದೇ ಪ್ರಸ್ತುತ ಲೇಖನದ ಪ್ರತಿಪಾದ್ಯ. ಟಿಪ್ಪೂ ಸುಲ್ತಾನನ ಆಳ್ವಿಕೆಯಲ್ಲಿ, ಎಂದರೆ 1782ರಿಂದ 1799ರವರೆಗೆ, ಮೈಸೂರು ರಾಜ್ಯದಲ್ಲಿ ತಯಾರಾದ ಕೋವಿಗಳು ಇಂದು ಬ್ರಿಟನ್ನಿನ ರಾಜಸಂಗ್ರಹದಲ್ಲಿಯೂ, ಲೀಡ್ಸ್ ನಗರದ ರಾಯಲ್ ಆರ್ಮರೀಸ್ ಸಂಸ್ಥೆಯಲ್ಲಿಯೂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿಯೂ, ಅನೇಕ ಖಾಸಗಿ ಸಂಗ್ರಹಗಳಲ್ಲಿಯೂ ಹಂಚಿಹೋಗಿವೆ. ಇವುಗಳನ್ನು ಕುರಿತು ಬರೆಯುವವರು ಹುಲಿಯ ಮುಖವನ್ನೂ, ಹುಲಿಯ ಪಟ್ಟೆಗಳ ಚಿತ್ತಾರವನ್ನೂ, ಬೆಳ್ಳಿ ಬಂಗಾರಗಳ ಕೆತ್ತನೆಯನ್ನೂ ಮರೆಯದೆ ವರ್ಣಿಸುತ್ತಾರೆ. ಒಡೆಯನು 1799ರ ಮೇ 4ರಂದು ಕೋಟೆಯ ಬಾಗಿಲಲ್ಲಿ ಮಡಿದ ಕಥೆಯನ್ನು ಅದಕ್ಕೆ ಸೇರಿಸುತ್ತಾರೆ. ಅಲ್ಲಿಗೆ ಕೋವಿಯ ಚರಿತ್ರೆ ಮುಗಿಯಿತು. ಅದನ್ನು ಮಾಡಿದ ಕಮ್ಮಟದ ಚರಿತ್ರೆ ಪ್ರಾರಂಭವಾಗುವುದೇ ಇಲ್ಲ.

ಕೋವಿಯನ್ನು ದಾಖಲೆಯೆಂದು ಓದಬೇಕಾದರೆ ಮೊದಲು ಅದರ ಕಿಡಿ ಹೊತ್ತಿಸುವ ಯಂತ್ರಭಾಗವನ್ನು ನೋಡಬೇಕು. ಇದನ್ನು ಇಂಗ್ಲಿಷಿನ ರೂಢಿಯಂತೆ ಲಾಕು ಎಂದೇ ಕರೆಯೋಣ. ಹದಿನೆಂಟನೆಯ ಶತಮಾನದ ಹಿಂದೂಸ್ಥಾನದಲ್ಲಿ ಬಹುವಾಗಿ ಬಳಕೆಯಲ್ಲಿದ್ದುದು ಬತ್ತಿಯ ಕೋವಿ. ಮೆಲ್ಲಗೆ ಉರಿಯುವ ನಾರಿನ ಬತ್ತಿಯನ್ನು ಬಾಗಿದ ಕಬ್ಬಿಣದ ಸನ್ನೆಯೊಂದು ಹಿಡಿದಿರುತ್ತದೆ. ಕೆಳಗಿನ ಬಿಲ್ಲನ್ನು ಎಳೆದೊಡನೆ ಅದು ಬಾಗಿ ಬಟ್ಟಲಿನಲ್ಲಿರುವ ಮದ್ದನ್ನು ಮುಟ್ಟುತ್ತದೆ. ಇಂಥ ಯಂತ್ರವನ್ನು ಊರಿನ ಕಮ್ಮಾರನು ಮಾಡಬಲ್ಲನು, ಕೆಟ್ಟರೆ ಸರಿಪಡಿಸಬಲ್ಲನು. ಚಕಮಕಿಯ ಕೋವಿಯ ಮಾತು ಬೇರೆ. ಅದರಲ್ಲಿ ಕುದುರೆಯ ದವಡೆಗಳ ನಡುವೆ ಚಕಮಕಿ ಕಲ್ಲನ್ನು ಬಿಗಿದಿರುತ್ತದೆ. ಬಲವಾದ ಸ್ಪ್ರಿಂಗೊಂದು ಕುದುರೆಯನ್ನು ಮುಂದಕ್ಕೆ ಚಿಮ್ಮಿಸಿದಾಗ ಕಲ್ಲು ಉಕ್ಕಿನ ಮುಖವೊಂದನ್ನು ಉಜ್ಜಿ ಕಿಡಿಗಳನ್ನು ಹುಟ್ಟಿಸುತ್ತದೆ. ಅದೇ ಏಟಿಗೆ ಆ ಉಕ್ಕು ಹಿಂದಕ್ಕೆ ಮಗುಚಿ ಮದ್ದಿನ ಬಟ್ಟಲು ತೆರೆದುಕೊಳ್ಳುತ್ತದೆ. ಇಲ್ಲಿ ಉಕ್ಕಿನ ಮುಖವು ಸಾಕಷ್ಟು ಗಡುಸಾಗಿರದಿದ್ದರೆ ಕಿಡಿ ಏಳುವುದಿಲ್ಲ. ಸ್ಪ್ರಿಂಗಿನ ಹದವು ಹೆಚ್ಚಿದರೆ ಮುರಿಯುತ್ತದೆ, ಕಡಮೆಯಾದರೆ ಬಾಗಿ ನಿಲ್ಲುತ್ತದೆ. ಒಂದೇ ಲಾಕಿನಲ್ಲಿ ಉಕ್ಕಿಗೆ ಎರಡು ಮೂರು ಬಗೆಯ ಹದಗಳನ್ನು ಕೊಡಬೇಕು.

ಆದಕಾರಣ ಶ್ರೀರಂಗಪಟ್ಟಣದ ಕಮ್ಮಟವು ಬತ್ತಿಯನ್ನು ಬಿಟ್ಟು ಚಕಮಕಿಯನ್ನು ಅಂಗೀಕರಿಸಿ, ಅಂಥ ಕೋವಿಗಳನ್ನು ವರ್ಷ ವರ್ಷವೂ ತಯಾರಿಸಿತೆಂಬುದು ಲೋಹವಿದ್ಯೆಯ ದೃಷ್ಟಿಯಿಂದ ಬಹು ದೊಡ್ಡ ಸಂಗತಿ. ಮೈಸೂರು ಸೀಮೆಯಲ್ಲಿ ಉಕ್ಕನ್ನು ತಯಾರಿಸುವ ವಿದ್ಯೆ ಮೊದಲೇ ಇದ್ದಿತು. 1800–1801ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ನನು 1807ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ ಕಬ್ಬಿಣ ಕರಗಿಸುವ ಮತ್ತು ಉಕ್ಕು ಮಾಡುವ ಕ್ರಮಗಳನ್ನು ವಿವರವಾಗಿ ವರ್ಣಿಸಿದ್ದಾನೆ. ಇದರೊಡನೆ ಫ್ರೆಂಚರ ನೆರವೂ ಇದ್ದಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. 1788ರಲ್ಲಿ ಹದಿನಾರನೆಯ ಲೂಯಿಯನ್ನು ಕಂಡ ಟಿಪ್ಪುವಿನ ರಾಯಭಾರಿಗಳು ಕುಶಲಕರ್ಮಿಗಳನ್ನು ಕಳುಹಿಸಿಕೊಡುವಂತೆ ಬೇಡಿದರು; ಕೆಲವರು ಅವರೊಡನೆ ಮೈಸೂರಿಗೆ ಬಂದರು. ಹಾಗಾದರೆ ಈ ಕೋವಿಗಳಲ್ಲಿ ಎಷ್ಟು ಭಾಗ ಪರದೇಶದ ವಿದ್ಯೆ, ಎಷ್ಟು ಭಾಗ ಇಲ್ಲಿಯ ಕಮ್ಮಾರರ ಕೈಚಳಕ? ಈ ಪ್ರಶ್ನೆಗೆ ಉತ್ತರವನ್ನು ಲಾಕಿನ ಒಳಮೈಯಲ್ಲಿ, ತಿರುಪುಗಳ ಹಲ್ಲುಗಳಲ್ಲಿ, ಸ್ಪ್ರಿಂಗುಗಳ ಆಕಾರದಲ್ಲಿ ಹುಡುಕಬೇಕು. ಗಾಜಿನ ಪೆಟ್ಟಿಗೆಯ ಮುಂದೆ ನಿಂತ ಪ್ರೇಕ್ಷಕನಿಗೆ ಕಾಣುವುದು ಹೊರಗಿನ ಬಂಗಾರ ಮಾತ್ರ. ಒಳಮೈಯ ಒಂದು ಚಿತ್ರವನ್ನಾದರೂ ಪಕ್ಕದಲ್ಲಿ ತೂಗುಹಾಕುವ ವಾಡಿಕೆ ಇಂಥ ಪ್ರದರ್ಶನಗಳಲ್ಲಿ ವಿರಳ.

ಎರಡನೆಯದಾಗಿ ನೋಡಬೇಕಾದುದು ಬರಹ. ಈ ಕೋವಿಗಳ ಮೇಲೆ ಪಾರಸಿ ಲಿಪಿಯಲ್ಲಿ ತಯಾರಾದ ಸ್ಥಳ, ವರ್ಷ, ಕೆಲವೆಡೆ ಮಾಡಿದವನ ಹೆಸರು, ಹೈದರನ ಹೆಸರನ್ನು ಸೂಚಿಸುವ ಮುದ್ರೆ ಇವು ಕಂಡುಬರುತ್ತವೆ. ವರ್ಷವನ್ನು ಓದುವಾಗ ವಿಶೇಷ ಎಚ್ಚರಿಕೆ ಬೇಕು. 1787ರಲ್ಲಿ ಟಿಪ್ಪುವು ಹಿಜರಿ ಶಕವನ್ನು ಬಿಟ್ಟು ಮೌಲೂದಿ ಎಂಬ ಹೊಸ ಗಣನೆಯನ್ನು ಜಾರಿಗೆ ತಂದನು. ಅದರ ವರ್ಷವು ನಮ್ಮ ಚಾಂದ್ರಮಾನ ಸಂವತ್ಸರದೊಡನೆ ಹೊಂದಿಕೊಂಡು ನಡೆಯುತ್ತದೆ. ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು. ಆತನ ನಾಣ್ಯಗಳನ್ನು ಅಭ್ಯಾಸ ಮಾಡಿದವರಿಗೆ ಇದು ಪರಿಚಿತವಾದ ವಿಷಯ. ಮೌಲೂದಿ 1215 ಎಂದರೆ 1787–88, ಎಂದರೆ ಪ್ಲವಂಗ ಸಂವತ್ಸರ. ಈ ಕ್ರಮವನ್ನರಿಯದೆ ಹಿಜರಿ ಎಂದು ಓದಿದರೆ ಕೋವಿಯು ಒಡೆಯನು ಸತ್ತ ಮೇಲೆ ಹುಟ್ಟಿದಂತಾಗುತ್ತದೆ!

ಬರಹದ ಈ ಒಂದು ಅಂಶದಿಂದ ಏನು ವಿದಿತವಾಗುವುದೆಂಬುದನ್ನು ಉದಾಹರಣೆಯ ಮೂಲಕ ಹೇಳಬಹುದು. ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿರುವ ಟಿಪ್ಪುವಿನ ಬೇಟೆಯ ಕೋವಿಯನ್ನು 1793–94ರದೆಂದು ಗುರುತಿಸಲಾಗಿದೆ. ಆ ವರ್ಷವು ಮೌಲೂದಿ 1221, ಪ್ರಮಾದೀಚ ಸಂವತ್ಸರ. ಅದಕ್ಕೆ ಹಿಂದಿನ ವರ್ಷ, 1792ರ ಮಾರ್ಚಿಯಲ್ಲಿ, ಶ್ರೀರಂಗಪಟ್ಟಣದ ಕೌಲಿನಂತೆ ಟಿಪ್ಪುವು ಅರ್ಧ ರಾಜ್ಯವನ್ನು ಕಳೆದುಕೊಂಡಿದ್ದನು. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳ ದಂಡವನ್ನು ಒಪ್ಪಿಕೊಂಡಿದ್ದನು. ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಟ್ಟಿದ್ದನು. ಮಕ್ಕಳು ಹಿಂದಿರುಗಿದುದು 1794ರಲ್ಲಿ. ಎಂದರೆ ಬೊಕ್ಕಸ ಬರಿದಾಗಿ, ಮಕ್ಕಳು ಶತ್ರುಗಳ ವಶದಲ್ಲಿದ್ದ ದಿನಗಳಲ್ಲಿಯೂ ಕಮ್ಮಟದ ಕುಲುಮೆ ಆರಿರಲಿಲ್ಲ. ಸೂಕ್ಷ್ಮವಾದ ಕೆಲಸಕ್ಕೂ ಅಲ್ಲಿ ಕೈಗಳಿದ್ದವು. ಇದು ಕೌಲುಪತ್ರಗಳಲ್ಲಿ ದೊರೆಯದ ಸಾಕ್ಷ್ಯ. 'ಮೈಸೂರಿನ ಹುಲಿಯ ಕೋವಿ' ಎಂಬ ಫಲಕದಲ್ಲಿಯೂ ಇದು ದೊರೆಯುವುದಿಲ್ಲ.

ಅಲಂಕಾರವುಳ್ಳ ವಸ್ತುವಿಗೆ ಆದ ಅನ್ಯಾಯ ಈ ಬಗೆಯದಾದರೆ, ಅಲಂಕಾರವಿಲ್ಲದ ವಸ್ತುವಿಗೆ ಆದುದು ಇನ್ನೊಂದು ಬಗೆಯದು. ಮೈಸೂರಿನ ಸೈನ್ಯವು ಬಳಸಿದ ಅಗ್ನಿಬಾಣಗಳು ನೋಡುವುದಕ್ಕೆ ಕಬ್ಬಿಣದ ಗಿಡ್ಡ ಕೊಳವೆಗಳು, ಕಣ್ಸೆಳೆಯುವುದೊಂದೂ ಅವುಗಳಲ್ಲಿಲ್ಲ. ಇಂಗ್ಲೆಂಡಿನ ವೂಲಿಚ್ಚಿನಲ್ಲಿ ಉಳಿದುಬಂದಿದ್ದ ಎರಡು ಬಾಣಗಳ ಅಳತೆಗಳನ್ನು ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರ ತಮ್ಮ ಪ್ರಬಂಧದಲ್ಲಿ ಕೊಟ್ಟಿದ್ದಾರೆ. ಒಂದರ ಕೊಳವೆ ಸುಮಾರು 58 ಮಿಲಿಮೀಟರು ದಪ್ಪ, 254 ಮಿಲಿಮೀಟರು ಉದ್ದ. ಅದನ್ನು ತೊಗಲಿನ ಪಟ್ಟಿಗಳಿಂದ ಒಂದು ಮೀಟರಿನಷ್ಟು ಉದ್ದದ ಕತ್ತಿಯ ಅಲಗಿಗೆ ಬಿಗಿದಿದೆ. ಇನ್ನೊಂದು ಅದಕ್ಕಿಂತ ಚಿಕ್ಕದು. ಅದನ್ನು ಸುಮಾರು 1.9 ಮೀಟರು ಉದ್ದದ ಬಿದಿರಿಗೆ ಕಟ್ಟಿದೆ. ಕಾಗದದ ಅಥವಾ ಬಿದಿರಿನ ಕೊಳವೆ ತಾಳಲಾರದ ಒತ್ತಡವನ್ನು ಕಬ್ಬಿಣದ ಕೊಳವೆ ತಾಳುತ್ತದೆ. ಮದ್ದನ್ನು ಗಟ್ಟಿಯಾಗಿ ಜಡಿಯಬಹುದು. ಬಾಣ ದೂರ ಹೋಗುತ್ತದೆ. ಮೈಸೂರಿನ ಸಾಧನೆಯ ತಿರುಳು ಇಷ್ಟೇ, ಆದರೆ ಇದು ಅಲ್ಪವಾದುದಲ್ಲ. ವಿಲಿಯಂ ಕಾಂಗ್ರೀವನು ವೂಲಿಚ್ಚಿನಲ್ಲಿ ಬೆಳೆಸಿದ ಬಾಣಗಳು 1806ರಲ್ಲಿ ಬುಲೋನ್ ನಗರದ ಮೇಲೆಯೂ 1807ರಲ್ಲಿ ಕೋಪನ್‌ಹೇಗನ್ನಿನ ಮೇಲೆಯೂ ಬಿದ್ದುವು. ಅವುಗಳ ಹಿಂದೆ ಮೈಸೂರಿನ ಯುದ್ಧಗಳ ಅನುಭವವಿದ್ದಿತು.

ಇಂಥ ಕೊಳವೆಗಳು ಸಾವಿರಕ್ಕೂ ಮಿಕ್ಕಿ 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಎಂದರೆ 1763ರಲ್ಲಿ ಹೈದರಾಲಿಯ ವಶವಾದ ಹಳೆಯ ಬಿದನೂರಿನಲ್ಲಿ, ಹಾಳುಬಾವಿಯೊಂದರ ಕೆಸರಿನಿಂದ ಹೊರಬಂದುವು. ತುಕ್ಕು ಹಿಡಿದ ಈ ರಾಶಿಯನ್ನು ಬಾಣಗಳೆಂದು ಗುರುತಿಸಿ ಶಿವಮೊಗ್ಗದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿಸಿದ ಪುರಾತತ್ತ್ವ ಇಲಾಖೆಯವರ ಶ್ರಮವು ಶ್ಲಾಘನೀಯ. ಜಗತ್ತಿನ ಬೇರಾವ ಸಂಗ್ರಹಾಲಯದಲ್ಲಿಯೂ ಈ ಆಯುಧ ಇಷ್ಟು ಸಂಖ್ಯೆಯಲ್ಲಿಲ್ಲ. ಆದರೆ ಇಲ್ಲಿ ನಮ್ಮ ಕಡೆಯ ಒಂದು ದೋಷವನ್ನೂ ಹೇಳಲೇಬೇಕು. ವಿದೇಶೀಯರು ಟಿಪ್ಪುವಿನ ಕೋವಿಯನ್ನು ವಿಜಯದ ಕುರುಹಾಗಿ ಇಟ್ಟುಕೊಂಡರೆ, ನಾವು ಬಾಣವನ್ನು ಹೆಮ್ಮೆಯ ಕುರುಹಾಗಿ ಮಾಡುತ್ತಿದ್ದೇವೆ. 'ಜಗತ್ತಿನ ಮೊತ್ತಮೊದಲನೆಯ ಬಾಣ' ಎಂದು ಪತ್ರಿಕೆಗಳಲ್ಲಿಯೂ ಭಾಷಣಗಳಲ್ಲಿಯೂ ಸಾರುವುದು ರೂಢಿಯಾಗಿದೆ. ಮದ್ದಿನ ಬಾಣವು ಚೀನದಲ್ಲಿ ಅದಕ್ಕೆ ಎಷ್ಟೋ ಶತಮಾನಗಳ ಹಿಂದೆಯೇ ಇದ್ದಿತು; ಹಿಂದೂಸ್ಥಾನದಲ್ಲಿಯೂ ಹೊಸದಾಗಿರಲಿಲ್ಲ. ಕಬ್ಬಿಣದ ಕೊಳವೆಯ ಬಾಣವನ್ನು ಸೈನ್ಯದ ನಿತ್ಯದ ಆಯುಧವಾಗಿ, ದೊಡ್ಡ ಪ್ರಮಾಣದಲ್ಲಿ ಬಳಸಿದುದೇ ಮೈಸೂರಿನ ವೈಶಿಷ್ಟ್ಯ. ಇರುವ ಕೀರ್ತಿಯನ್ನು ನಿಖರವಾಗಿ ಹೇಳಿದರೆ ಅದು ನಿಲ್ಲುತ್ತದೆ. ಇಲ್ಲದುದನ್ನು ಸೇರಿಸಿದರೆ ಇರುವುದಕ್ಕೂ ಸಂಶಯ ತಟ್ಟುತ್ತದೆ.

ಇದು ಮಾತಿನ ಔಚಿತ್ಯದ ಪ್ರಶ್ನೆಯಷ್ಟೇ ಅಲ್ಲ. ಹೆಮ್ಮೆಯ ವಸ್ತುವನ್ನು ಉಜ್ಜಿ ಹೊಳೆಯಿಸಿ ಇಡಬೇಕೆಂಬ ಆಸೆ ಸಹಜವಾದುದು. ಆದರೆ ಬಾವಿಯಿಂದ ಬಂದ ಕೊಳವೆಯ ತುಕ್ಕಿನಲ್ಲಿ, ಅದರ ಒಳಗಿನ ಮದ್ದಿನ ಶೇಷದಲ್ಲಿ, ತಗಡನ್ನು ಸುತ್ತಿ ಬೆಸೆದ ಅಂಚಿನಲ್ಲಿ ಕಬ್ಬಿಣ ಎಂಥದು, ಗಂಧಕ ಇದ್ದಿಲು ಪೆಟ್ಲುಪ್ಪುಗಳ ಪ್ರಮಾಣವೆಷ್ಟು, ಎಷ್ಟು ಕೈಗಳ ಕೆಲಸ ಎಂಬ ಪ್ರಶ್ನೆಗಳಿಗೆ ಉತ್ತರ ಅಡಗಿರಬಹುದು. ಒಮ್ಮೆ ಉಜ್ಜಿದರೆ ಆ ಪುಟ ಅಳಿಸಿಹೋಯಿತು. ಸಾವಿರ ಕೊಳವೆಗಳಲ್ಲಿ ಕೆಲವನ್ನು ಪ್ರದರ್ಶನಕ್ಕೆ ಸಿದ್ಧಪಡಿಸಿ, ಉಳಿದವನ್ನು ಇದ್ದಂತೆಯೇ, ತೇವ ತಗುಲದಂತೆ, ಮುಂದಿನ ಪರೀಕ್ಷೆಗಾಗಿ ಕಾದಿರಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.

ಕೋವಿಗಳ ವಿಷಯದಲ್ಲಿಯೂ ಹೀಗೆಯೇ ಒಂದು ತುರ್ತು ಉಂಟು. ರಾಬಿನ್ ವಿಗಿಂಗ್ಟನ್ನರು ಈ ಕೋವಿಗಳನ್ನು ಒಂದೇ ಕಮ್ಮಟದ ಕೃತಿಸಮುದಾಯವೆಂದು ಪರಿಗಣಿಸಿ 1992ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಬಿಡಿ ವಸ್ತುವಿನ ಬೆರಗನ್ನು ಮೀರಿ ಒಂದರೊಡನೊಂದನ್ನು ಹೋಲಿಸಿ ನೋಡಿದ ಈ ದೃಷ್ಟಿಯೇ ಸರಿಯಾದುದು. ಆದರೆ ಅವರು ಕೂಡಿಸಿದ್ದ ಸಂಗ್ರಹವು 2005ರಲ್ಲಿ ಹರಾಜಿನಲ್ಲಿ ಚದುರಿತು. ಹೋಲಿಕೆಗೆ ಬೇಕಾದ ವಸ್ತುಗಳು ಚದುರಿದಷ್ಟೂ ಕಮ್ಮಟದ ಚರಿತ್ರೆ ಮಸುಕಾಗುತ್ತದೆ. ರೈಲುದಾರಿಯ ವಿಸ್ತರಣಕ್ಕಾಗಿ 2017ರಲ್ಲಿ ಶ್ರೀರಂಗಪಟ್ಟಣದ ಹಳೆಯ ಮದ್ದಿನ ಮನೆಯೊಂದನ್ನು ಇಡಿಯಾಗಿ ನೂರು ಮೀಟರಿಗೂ ಹೆಚ್ಚು ದೂರಕ್ಕೆ ಸರಿಸಿ ಉಳಿಸಿಕೊಂಡ ನಾಡು ನಮ್ಮದು. ಕಟ್ಟಡಕ್ಕೆ ತೋರಿದ ಆಸ್ಥೆಯ ಅಲ್ಪಾಂಶವನ್ನು ತೋರಿದರೂ ದೇಶವಿದೇಶಗಳಲ್ಲಿರುವ ಈ ಕೋವಿಗಳ ವಿವರಪಟ್ಟಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುವುದು ಅಸಾಧ್ಯವಲ್ಲ. ವಸ್ತುಗಳನ್ನು ಮರಳಿ ತರುವ ವಾದವಿವಾದ ಹೇಗೇ ಇರಲಿ, ಅವುಗಳ ಮೇಲಿನ ಬರಹಗಳ ಪಾಠವನ್ನೂ ಲಾಕುಗಳ ಚಿತ್ರಗಳನ್ನೂ ತರುವುದಕ್ಕೆ ಯಾರ ಅಡ್ಡಿಯೂ ಇರಲಾರದು.

ಪ್ರದರ್ಶನದ ಫಲಕವು ಚಿಕ್ಕದು; ಅದರಲ್ಲಿ ಎಲ್ಲವನ್ನೂ ಬರೆಯಲಾಗದೆಂಬ ಆಕ್ಷೇಪವನ್ನು ನಾವು ಬಲ್ಲೆವು. ಆದರೆ ಎಲ್ಲಿ, ಯಾವ ಸಂವತ್ಸರದಲ್ಲಿ, ಯಾರ ಕೈಯಲ್ಲಿ ತಯಾರಾಯಿತು, ಹೇಗೆ ಕೆಲಸ ಮಾಡುತ್ತಿತ್ತು, ಹೇಗೆ ಇಲ್ಲಿಗೆ ಬಂತು ಎಂಬಿಷ್ಟನ್ನು ಐದು ಸಾಲುಗಳಲ್ಲಿ ಹೇಳಬಹುದು. ಒಡೆಯನ ಹೆಸರು ಆರನೆಯ ಸಾಲಿನಲ್ಲಿ ಬಂದರೆ ಆತನ ಗೌರವಕ್ಕೆ ಕುಂದಿಲ್ಲ. ಕುಲುಮೆಯ ಮುಂದೆ ಕುಳಿತು ಸ್ಪ್ರಿಂಗಿಗೆ ಹದ ಕೊಟ್ಟ ಕಮ್ಮಾರನಿಗೆ ಮೊದಲನೆಯ ಸಾಲುಗಳಲ್ಲಿ ಸ್ಥಾನ ದೊರೆತರೆ ನಮ್ಮ ಚರಿತ್ರೆಯ ಜ್ಞಾನವು ಅಷ್ಟರಮಟ್ಟಿಗೆ ಪೂರ್ಣವಾಗುತ್ತದೆ.