ಬುಲೆಟ್ಟೋ, ಜಾವಾವೋ?

ನಮ್ಮ ಕಡೆ ಮೋಟಾರ್ ಸೈಕಲ್ಲಿಗೆ ಫಟಫಟಿ ಎನ್ನುವುದುಂಟು. ಫಟಫಟಿಯ ಗುಣದೋಷ ಗಂಡಸರ ಕಟ್ಟೆಯ ಮಾತು, ಹೆಂಗಸರಿಗೇಕೆ ಎಂದು ಕೆಲವರು ಕೇಳಬಹುದು. ಯಾದಗಿರಿಯಿಂದ ಭೀಮೆಯನ್ನು ದಾಟಿ ಶಹಾಪುರಕ್ಕೆ, ಅಲ್ಲಿಂದ ಸುರಪುರಕ್ಕೆ ಹಿಂದಿನ ಸೀಟಿನಲ್ಲಿ ಸೆರಗು ಬಿಗಿಹಿಡಿದು ಕೂತು ಸವೆಸಿದ ದಾರಿ ನಮ್ಮದೂ ಅಲ್ಲವೆ? ಹಳೆಯ ಗಾಡಿಗಳನ್ನು ಸಂಗ್ರಹಿಸುವವರು ಬುಲೆಟ್ ಹೆಚ್ಚೋ ಜಾವಾ ಹೆಚ್ಚೋ ಎಂದು ವಾದಿಸುವಾಗ ನಮ್ಮದೂ ಒಂದು ಮಾತಿರಲಿ.

ಬುಲೆಟ್ ಇಂಗ್ಲೆಂಡಿನ ರೆಡಿಚ್ ಊರಿನ ರಾಯಲ್ ಎನ್‌ಫೀಲ್ಡ್ ಕಂಪನಿಯ ಕೂಸು. ನಮ್ಮ ಸೈನ್ಯ ಅದನ್ನು ಮೆಚ್ಚಿಕೊಂಡ ಮೇಲೆ 1955ರಲ್ಲಿ ಮದ್ರಾಸಿಗೆ ಬಂತು. ತವರುಮನೆ 1970ರ ಸುಮಾರಿಗೆ ಬಾಗಿಲು ಹಾಕಿತು. ಕೊಟ್ಟ ಮನೆಯಲ್ಲಿ ಮಗಳು ಬಾಳಿದಳು. ಜಾವಾ ಚೆಕೊಸ್ಲೊವಾಕಿಯಾದ್ದು. 1961ರಿಂದ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಅದನ್ನು ತಯಾರಿಸಿತು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಗುಣ ನೋಡಿ. ಬುಲೆಟ್ 346 ಸಿಸಿಯ ನಾಲ್ಕು ಸ್ಟ್ರೋಕಿನ ಗಾಡಿ. ಎಂಜಿನ್ ಎರಡು ಸುತ್ತು ತಿರುಗಿದರೆ ಒಮ್ಮೆ ಉರಿಯುತ್ತದೆ. ಅದಕ್ಕೇ ಆ ನಿಧಾನದ ಡುಗುಡುಗು. 249 ಸಿಸಿಯ ಜಾವಾ ಎರಡು ಸ್ಟ್ರೋಕಿನದು, ಪ್ರತಿ ಸುತ್ತಿಗೂ ಉರಿಯುತ್ತದೆ. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಹೊಗೆ ಹೆಚ್ಚು. ಬುಲೆಟ್ಟಿನ ಕಿಕ್ ಹೊಡೆಯಲು ಆಮ್‌ಮೀಟರಿನ ಮುಳ್ಳು ನೋಡಿ ಹದ ಹಿಡಿಯಬೇಕು. ತಪ್ಪಿದರೆ ಅದು ತಿರುಗಿ ಒದೆಯುತ್ತದೆ. ಜಾವಾದ್ದು ಹಗುರ. ಕಿಕ್ ಹೊಡೆದ ಕಡ್ಡಿಯನ್ನೇ ಮುಂದಕ್ಕೆ ತಿರುವಿದರೆ ಗೇರಿನ ಕಡ್ಡಿ! ಆದರೆ ಅದಕ್ಕೆ ಎರಡೂ ಪಕ್ಕ ಸೈಲೆನ್ಸರ್. ಸೀರೆಯುಟ್ಟು ಯಾವ ಪಕ್ಕ ಕಾಲಿಳಿಬಿಟ್ಟರೂ ಕೆಳಗೆ ಬಿಸಿ ಕೊಳವೆ. ಸಂಗ್ರಹಕಾರರ ಹೋಲಿಕೆಯಲ್ಲಿ ಕ್ರೋಮಿನ ಹೊಳಪು, ಬಣ್ಣ, ಬೆಲೆ ಎಲ್ಲ ಇರುತ್ತವೆ, ಹಿಂದೆ ಕೂತವಳ ಪಾದ ಮಾತ್ರ ಇರುವುದಿಲ್ಲ.

ನನ್ನ ತೀರ್ಪು ಇಷ್ಟು. ಓಡಿಸಲು ಬೇಕಾದರೆ ಬುಲೆಟ್. ಎಂಜಿನ್ ಬದಲಾದರೂ ಆ ಹೆಸರಿನ ಗಾಡಿ ಇಂದಿಗೂ ತಯಾರಾಗುತ್ತಿದೆ. ಕಾಪಾಡಲು ಬೇಕಾದರೆ ಜಾವಾ. 2018ರಲ್ಲಿ ಆ ಹೆಸರು ಮರಳಿ ಬಂದರೂ ಬಂದದ್ದು ನಾಲ್ಕು ಸ್ಟ್ರೋಕಿನ ಬೇರೆ ಗಾಡಿ. ಮೈಸೂರಿನ ಕಾರ್ಮಿಕರ ಕೈಯ ಆ ಹಳೆಯ ಗಾಡಿ ಇನ್ನು ಒಂದೂ ಹುಟ್ಟುವುದಿಲ್ಲ.

ಆದ್ದರಿಂದ ತಂಗಿಯರೇ, ಹಿತ್ತಲಿನ ಬೇವಿನ ಮರದಡಿ ಮಾವನವರ ಕಾಲದ ಜಾವಾ ತುಕ್ಕು ಹಿಡಿಯುತ್ತಿದ್ದರೆ ಗುಜರಿಯವನ ತಕ್ಕಡಿಗೆ ಹಾಕುವ ಮೊದಲು ತಡೆಯಿರಿ. ಟ್ರಂಕಿನ ತಳದಲ್ಲಿ ಆರ್‌ಸಿ ಬುಕ್ಕು ಹುಡುಕಿ. ಅದರೊಳಗಿನ ಎಂಜಿನ್, ಚಾಸಿ ನಂಬರುಗಳು ಗಾಡಿಯ ಮೇಲಿನವಕ್ಕೆ ತಾಳೆಯಾದರೆ ಅದರ ಬೆಲೆಯೇ ಬೇರೆ. ನಗರದಿಂದ ಬಂದವರು ಅಂಗಳದಲ್ಲಿ ನಿಂತು 'ಇದೇನ್ರೀ, ಬರೀ ಕಬ್ಬಿಣ' ಎಂದರೆ ನಂಬಬೇಡಿ. ಬರೀ ಕಬ್ಬಿಣಕ್ಕಾಗಿ ಯಾರೂ ಅಷ್ಟು ದೂರ ಬರುವುದಿಲ್ಲ.